ವಾಲ್ವಿನ ಮಸಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಕಡೆಯ ನಮಗೆಲ್ಲ ಒಂದು ದೊಡ್ಡ ಅನುಕೂಲ: ಏನು ಕೆಟ್ಟರೂ ಸಿಮೆಂಟ್ ಧೂಳಿನ ತಲೆಗೆ ಕಟ್ಟಬಹುದು. ಕೆಮ್ಮು ಬಂತೇ? ಧೂಳು. ಫ್ಯಾನು ನಿಂತಿತೇ? ಧೂಳು. 1936ರಲ್ಲಿ ಹಲವು ಸಿಮೆಂಟ್ ಕಂಪನಿಗಳು ಕೂಡಿ ಎಸಿಸಿ ಆದಾಗ ಅದರಲ್ಲಿ ಶಹಾಬಾದ್ ಸಿಮೆಂಟ್ ಕಂಪನಿಯೂ ಇತ್ತು. ಅಂದಮೇಲೆ ನಮ್ಮ ಧೂಳಿಗೆ ಮನೆತನವೂ ಇದೆ. ಹಾಗಾಗಿ ಅಳಿಯನ ಟರ್ಬೊ ಪೆಟ್ರೋಲ್ ಕಾರು ಬೆಳಗ್ಗೆ ಚಾಲೂ ಮಾಡಿದ ಕೂಡಲೇ ಚಳಿಜ್ವರ ಬಂದಂತೆ ನಡುಗಿದಾಗ ಓಣಿಯೆಲ್ಲ ಒಂದೇ ಮಾತು ಹೇಳಿತು: 'ಧೂಳ ಹೊಕ್ಕದ.'

ಏರ್ ಫಿಲ್ಟರ್ ತೆಗೆದು ನೋಡಿದರೆ ಅರ್ಧ ಸೇಡಂ ಅದರಲ್ಲೇ ಕೂತಿತ್ತು, ನಿಜ. ಹೊಸದು ಹಾಕಿದರೂ ನಡುಕ ನಿಲ್ಲಲಿಲ್ಲ. ಕೊನೆಗೆ ಬಂದ ಉಸ್ತಾದ್ ಬಾನೆಟ್ ಎತ್ತಿ ಸ್ವಲ್ಪ ಹೊತ್ತು ಕಿವಿಗೊಟ್ಟ. 'ಧೂಳಿಂದಲ್ಲ ಸಾಬ್. ವಾಲ್ವಿಗೆ ಕಾರ್ಬನ್ ಹಿಡದದ.'

ಕಾರಣ ಸ್ವಾರಸ್ಯದ್ದು. ಹಳೆಯ ಕಾರುಗಳಲ್ಲಿ ಪೆಟ್ರೋಲು ಇನ್‌ಟೇಕ್ ವಾಲ್ವಿನ ಬೆನ್ನ ಮೇಲೆ ಬಿದ್ದೇ ಒಳಗೆ ಹೋಗುತ್ತಿತ್ತು, ಹೋಗುತ್ತ ಅದನ್ನು ತೊಳೆಯುತ್ತಿತ್ತು. ಹೊಸ ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಪೆಟ್ರೋಲು ನೇರ ಸಿಲಿಂಡರಿಗೇ ಚಿಮ್ಮುತ್ತದೆ. 1954ರ ಮರ್ಸಿಡಿಸ್ 300 ಎಸ್‌ಎಲ್‌ನಲ್ಲೇ ಈ ವಿದ್ಯೆ ಇತ್ತು. 1996ರಲ್ಲಿ ಮಿತ್ಸುಬಿಷಿ ಹೊಸ ರೂಪದಲ್ಲಿ ತಂದ ಮೇಲೆ ಒಬ್ಬೊಬ್ಬರಾಗಿ ಹಲವು ಕಂಪನಿಯವರು ಹಿಡಿದರು. ಮೈಲೇಜು ಬಂತು, ತೊಳೆಯುವವರು ಹೋದರು. ಕ್ರ್ಯಾಂಕ್‌ಕೇಸಿನಿಂದ ಮೇಲೇರುವ ಎಣ್ಣೆಯ ಆವಿ ಗಾಳಿಯ ದಾರಿಯಲ್ಲೇ ಹಾದು ಬಿಸಿ ವಾಲ್ವಿಗೆ ಅಂಟಿ ಸೀಯುತ್ತದೆ. ಎಗ್ಸಾಸ್ಟ್ ವಾಲ್ವಾದರೆ ಉರಿಯಲ್ಲೇ ಸುಟ್ಟು ಶುಚಿಯಾಗುತ್ತದೆ. ಇನ್‌ಟೇಕ್ ವಾಲ್ವಿನ ಬಿಸಿ ಎಣ್ಣೆ ಸೀಯಲು ಸಾಕು, ಸೀದದ್ದು ಸುಟ್ಟುಹೋಗಲು ಸಾಲದು. ವರ್ಷಗಟ್ಟಲೆ ಜೋಳದ ರೊಟ್ಟಿ ಬೇಯಿಸಿದ ಹಂಚಿನ ತಳ ನೋಡಿದ್ದೀರಲ್ಲ, ಅದೇ ಬಣ್ಣ, ಅದೇ ಹಠ.

ಎದುರುಮನೆಯ ನಿವೃತ್ತ ಮಾಸ್ತರರು ಮಾತ್ರ ಬಿಚ್ಚುವುದೇ ಬೇಡವೆಂದರು. 'ಚಿಂಚೋಳಿ ತನಕ ಜೋರಾಗಿ ಹೊಡೀರಿ, ತಾನೇ ಸುಟ್ಟು ಹೋಗ್ತದ.' ಟ್ಯಾಂಕಿಗೆ ಸುರಿಯುವ ಔಷಧವನ್ನೂ ಸೂಚಿಸಿದರು. ಟ್ಯಾಂಕಿನ ಪೆಟ್ರೋಲು ಆ ವಾಲ್ವಿನ ಮುಖವನ್ನೇ ನೋಡದಿರುವಾಗ ಔಷಧ ಯಾವ ದಾರಿಯಿಂದ ಹೋಗಬೇಕು? ಅದನ್ನು ಕೇಳಲು ನನಗೆ ಧೈರ್ಯ ಬರಲಿಲ್ಲ. ಅವರು ನನಗೆ ಲೆಕ್ಕ ಕಲಿಸಿದವರು.

ಭಾನುವಾರ ಅಂಗಳದ ಪರಸಿ ಕಲ್ಲಿನ ಮೇಲೆ ಕೆಲಸ ಶುರುವಾಯಿತು. ತಣ್ಣಗಾದ ಎಂಜಿನ್, ಬ್ಯಾಟರಿಯ ನೆಗೆಟಿವ್ ತಂತಿ ಕಳಚಿದ್ದು, ಬಿಚ್ಚಿದ ಬೋಲ್ಟುಗಳು ಸಾಲಾಗಿ ಒಂದು ತಾಟಿನಲ್ಲಿ. ಅತಿ ಒತ್ತಡದ ಪೆಟ್ರೋಲ್ ಪೈಪಿನ ತಂಟೆಗೆ ಉಸ್ತಾದ್ ಯಾರನ್ನೂ ಬಿಡಲಿಲ್ಲ. ಮ್ಯಾನಿಫೋಲ್ಡ್ ತೆಗೆದು ಟಾರ್ಚು ಬಿಟ್ಟರೆ, ಒಳಗೆ ಹೂವಿನ ತೊಟ್ಟಿನಂತಿರಬೇಕಾದ ವಾಲ್ವಿನ ಕಡ್ಡಿ ಕರ್ರಗೆ ದಪ್ಪಗಾಗಿ ಗಾಳಿಯ ದಾರಿಯನ್ನೇ ಅಡ್ಡಗಟ್ಟಿತ್ತು.

ಇಲ್ಲಿ ಮುಖ್ಯವಾದ ಮಾತೊಂದಿದೆ. ತಿಕ್ಕುವ ಸಿಲಿಂಡರಿನ ವಾಲ್ವ್ ಪೂರ್ತಿ ಮುಚ್ಚಿರಬೇಕು; ತೆರೆದಿದ್ದರೆ ಮಸಿಯೆಲ್ಲ ಒಳಗೆ ಬಿದ್ದು ಎಂಜಿನ್ನಿಗೇ ಕುತ್ತು. ಉಸ್ತಾದ್ ಕ್ರ್ಯಾಂಕಿಗೆ ಪಾನಾ ಹಾಕಿ ಅಂಗುಲ ಅಂಗುಲ ತಿರುಗಿಸಿದ, ವಾಲ್ವ್ ಕೂತಿತೆಂದ ಮೇಲೆ ಕ್ಲೀನರ್ ಸುರಿದ, ಉಳಿದ ಬಾಯಿಗಳಿಗೆ ಬಟ್ಟೆ ತುರುಕಿದ. ನೆನೆಯಲು ಬಿಟ್ಟು, ಬ್ರಷ್ಷಿನಿಂದ ತಿಕ್ಕಿ, ಕರಿನೀರು ಸಿರಿಂಜಿನಲ್ಲಿ ಎಳೆದು, ಮತ್ತೆ ಸುರಿದು. ಮೊದಲ ಸುತ್ತಿಗೆ ಬ್ರಷ್ಷು ಮಾತ್ರ ಕಪ್ಪಾಯಿತು, ವಾಲ್ವ್ ಬೆಳ್ಳಗಾಗಲಿಲ್ಲ.

ದೊಡ್ಡ ಊರುಗಳಲ್ಲಿ ಅಕ್ರೋಟಿನ ಚಿಪ್ಪನ್ನು ಪುಡಿಮಾಡಿ ಗಾಳಿಯ ಒತ್ತಡದಲ್ಲಿ ಹೊಡೆದು ಶುಚಿ ಮಾಡುತ್ತಾರೆ. ಚಿಪ್ಪು ಮಸಿಗೆ ಗಟ್ಟಿ, ಲೋಹಕ್ಕೆ ಮೆದು. ನಮ್ಮಲ್ಲಿ ಅಕ್ರೋಟು ದೀಪಾವಳಿ ಡಬ್ಬಿಯಲ್ಲಿ ಎಣಿಸಿ ಕೊಡುವ ವಸ್ತು. 'ತೊಗರಿ ಹೊಟ್ಟು ನಡೀತದೇನೋ ಮಾವಾ?' ಎಂದ ಅಳಿಯ. 2019ರಲ್ಲಿ ಭೌಗೋಳಿಕ ಸೂಚಿಯ ಮಾನ ಪಡೆದ ನಮ್ಮ ತೊಗರಿಗೆ ಈ ಕೆಲಸವೂ ಹಚ್ಚುವುದೇ? ಉಸ್ತಾದ್ ಮಾತಾಡಲಿಲ್ಲ, ಅವನ ಕೈಗೆ ಬ್ರಷ್ಷು ಕೊಟ್ಟ.

ಮಸಿ ತಿಕ್ಕುವುದು ಈ ಸೀಮೆಗೆ ಹೊಸದಲ್ಲ. 1874ರಲ್ಲಿ ಹೈದರಾಬಾದಿನಿಂದ ನಿಜಾಮರ ರೈಲು ವಾಡಿಗೆ ಬಂದಾಗಲೇ ಕಲ್ಲಿದ್ದಲ ಮಸಿಯೂ ಬಂತು. ಟೂ-ಸ್ಟ್ರೋಕ್ ಸ್ಕೂಟರಿನ ಕಾಲದಲ್ಲಿ ಸೈಲೆನ್ಸರನ್ನೇ ಬೆಂಕಿಗಿಟ್ಟು ಕಾರ್ಬನ್ ಸುಡುತ್ತಿದ್ದೆವು. ಓಣಿಯಲ್ಲಿ ಆ ಹೊಗೆ ಎದ್ದರೆ ಯಾರ ಮನೆಯದೆಂದು ಎಲ್ಲರಿಗೂ ಗೊತ್ತಾಗುತ್ತಿತ್ತು.

ಸಂಜೆ ಹೊತ್ತಿಗೆ ಬೂದುಬಣ್ಣದ ಲೋಹ ಕಂಡಿತು. ಹೊಸ ಗ್ಯಾಸ್ಕೆಟ್ ಹಾಕಿ ಜೋಡಿಸಿ ಚಾಲೂ ಮಾಡಿದಾಗ ಒಂದಿಷ್ಟು ಹೊಗೆ ಉಗುಳಿ ಕಾರು ಸುಮ್ಮನಾಯಿತು. ಎಣ್ಣೆಯನ್ನು ವೇಳೆಗೆ ಸರಿಯಾಗಿ ಬದಲಿಸಲು ಉಸ್ತಾದ್ ಹೇಳಿಹೋದ. ಮತ್ತೆ ಹಿಡಿಯುತ್ತದೆಂದೂ ಹೇಳಿದ.

ಮುಂದಿನ ವಾರ ಚಂದ್ರಂಪಳ್ಳಿ ಅಣೆಕಟ್ಟೆ ನೋಡುವ ನೆಪದಲ್ಲಿ ಚಿಂಚೋಳಿಗೆ ಹೋದೆವು. ಹೊರಡುವುದನ್ನು ಮಾಸ್ತರರು ಕಟ್ಟೆಯ ಮೇಲಿಂದ ನೋಡಿದ್ದರು. ಈಗ ಕಾರು ಕೆಟ್ಟವರು ಯಾರೇ ಸಿಕ್ಕರೂ ಅವರಿಗೆ ಚಿಂಚೋಳಿಯ ದಾರಿ ತೋರಿಸುತ್ತಿದ್ದಾರೆ, ಸಾಕ್ಷಿಗೆ ನನ್ನ ಹೆಸರು ಹೇಳಿ.