ರಾಮಪ್ಪನ ನೋವು ಹತ್ತಕ್ಕೆ ಏಳು

ಮೊನ್ನೆ ಒಂದು ನರ್ಸಿಂಗ್ ಕಾಲೇಜಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆ ನೋಡಿ ಬಂದೆ. ರೋಗಿ ರಾಮಪ್ಪ, ವಯಸ್ಸು 58, ವಾಸ ಕಂಪ್ಯೂಟರಿನಲ್ಲಿ. ಹುಡುಗಿ ‘ಕೈ ತೊಳೆ’ ಗುಂಡಿ ಒತ್ತಿದಳು. ಕೈ ಒದ್ದೆಯಾಗದೆ ಶುದ್ಧವಾಯಿತು. ನೋವು ಎಷ್ಟಿದೆ ಎಂದದ್ದಕ್ಕೆ ರಾಮಪ್ಪ ಇಂಗ್ಲಿಷಿನಲ್ಲಿ ‘ಹತ್ತಕ್ಕೆ ಏಳು’ ಎಂದ. ಕ್ಯಾನುಲಾಕ್ಕೆ ಮೊದಲ ಕ್ಲಿಕ್ಕಿನಲ್ಲೇ ನರ ಸಿಕ್ಕಿತು. ಅಂಕ 96.

ಮೂವತ್ತು ವರ್ಷ ವಾರ್ಡಿನಲ್ಲಿ ನಾನು ಕಂಡ ರಾಮಪ್ಪಂದಿರು ‘ಜೀವಾ ಹೊಂಟೈತ್ರೀ ಅಕ್ಕಾರ’ ಅನ್ನುತ್ತಿದ್ದರು. ಅದು ಹತ್ತಕ್ಕೆ ಎಷ್ಟು? ಎರಡು ಸಲ ಚುಚ್ಚಿದರೂ ಜಾರುವ ನರ, ಮಂಚದಡಿ ಬುತ್ತಿಗಂಟು, ‘ಇವಳು ಕಲಿಯೋಕೆ ನಮ್ಮಪ್ಪನೇ ಬೇಕಿತ್ತಾ?’ ಎಂದು ಎಗರುವ ಮಗ. ಇವಕ್ಕೆ ಗುಂಡಿಯಿಲ್ಲ.

ಹಾಗಂತ ಸಾಫ್ಟ್‌ವೇರನ್ನು ಬೈಯಲಾರೆ. ತಪ್ಪು ಡೋಸ್ ಕೊಡುವವರು ಸಾಯದ ರೋಗಿಗೇ ಕೊಡಲಿ. ನಾರ್ವೆಯ ಆಟಿಕೆ ತಯಾರಕ ಆಸ್ಮುಂಡ್ ಲಾರ್ಡಾಲ್ 1960ರಲ್ಲಿ ‘ಆನ್’ ಬೊಂಬೆ ತಂದ ಮೇಲೆ ಎಷ್ಟೋ ಜನ ಉಸಿರು ಊದುವುದನ್ನು ಕಲಿತದ್ದು ಅವಳ ಬಾಯಿಯಲ್ಲೇ.

ಪ್ರಿನ್ಸಿಪಾಲರು ಇನ್ನೂ ದೂರ ಓದಿದ್ದರು. ‘ಮೇಡಂ, 2014ರ ಅಮೆರಿಕದ ಅಧ್ಯಯನವೇ ಹೇಳಿದೆ. ಕ್ಲಿನಿಕಲ್ ಅವಧಿಯ ಅರ್ಧವನ್ನು ಸಿಮ್ಯುಲೇಶನ್‌ಗೆ ಬಿಟ್ಟರೂ ಫಲಿತಾಂಶದಲ್ಲಿ ವ್ಯತ್ಯಾಸವಿಲ್ಲ!’ ಹೇಳಿರುವುದು ನಿಜ. ಅಲ್ಲಿ ಅದಕ್ಕೆಂದೇ ತರಬೇತಾದ ಶಿಕ್ಷಕರಿದ್ದರು. ಮುಗಿದ ಮೇಲೆ ಕೂರಿಸಿಕೊಂಡು ಎಲ್ಲಿ ಎಡವಿದೆ, ಯಾಕೆ ಎಡವಿದೆ ಎಂದು ಬಿಡಿಸುತ್ತಿದ್ದರು. ಇಲ್ಲಿ ಪಾಸ್‌ವರ್ಡ್ ಗೊತ್ತಿರುವ ಅಟೆಂಡರ್ ಇದ್ದಾನೆ. ಅಲ್ಲಿ ಉಳಿದರ್ಧ ಅವಧಿಗೆ ನಿಜವಾದ ರೋಗಿಗಳೂ ಇದ್ದರು. ಇಲ್ಲಿ ಅವರೆಲ್ಲಿ ಎಂದು ನಾನು ಕೇಳಿದಾಗ ಪ್ರಿನ್ಸಿಪಾಲರು ಕಾಫಿ ತರಿಸಿದರು.

ನಮಗೇನು ಸಿಮ್ಯುಲೇಶನ್ ಹೊಸದೇ? ಇನ್‌ಸ್ಪೆಕ್ಷನ್ ದಿನ ಊರಿನ ಗಟ್ಟಿಮುಟ್ಟಾದವರಿಗೆ ಕೂಲಿ, ಊಟ ಕೊಟ್ಟು ಹಾಸಿಗೆಯಲ್ಲಿ ಮಲಗಿಸಿ, ಕೇಸ್‌ಶೀಟಿನಲ್ಲಿ ಜ್ವರ ಬರಿಸುವ ವಿದ್ಯೆ ಕೆಲವು ಕಡೆ ಕಂಪ್ಯೂಟರಿಗಿಂತ ಮೊದಲೇ ಸಿದ್ಧಿಸಿತ್ತು. ರಾಮಪ್ಪ ಅದರ ಸುಧಾರಿತ ಆವೃತ್ತಿ. ಅವನು ಊಟವನ್ನೂ ಕೇಳುವುದಿಲ್ಲ.

ಹೊರಡುವಾಗ 96ರ ಹುಡುಗಿ ಹಿಂದೆಯೇ ಬಂದಳು. ‘ಸಿಸ್ಟರ್, ವಯಸ್ಸಾದವರ ನರ ನಿಜವಾಗ್ಲೂ ಜಾರುತ್ತಾ?’ ನಾನು ಕೈ ಚಾಚಿದೆ. ಅವಳು ಬೆರಳಿಟ್ಟು ಬಹಳ ಹೊತ್ತು ಹುಡುಕಿದಳು.

ಬರುವ ತಿಂಗಳಿಂದ ಅವಳಿಗೆ ವಾರ್ಡ್ ಡ್ಯೂಟಿ. ನೀವೇನಾದರೂ ಅಡ್ಮಿಟ್ ಆದರೆ ಮೂರನೇ ಸಲ ಚುಚ್ಚಿದಾಗ ಅವಳನ್ನು ಬೈಯಬೇಡಿ. ಪ್ರಿನ್ಸಿಪಾಲರನ್ನು ಕರೆಸಿ.