ಪಟ್ಟದ ರಾಜನಿಗೆ ಯಾವ ಪೇಟ?

ಅಕ್ಕ, ಒಂಚೂರು ಬೇಲಿ ಹತ್ರ ಬನ್ನಿ. ಪಟ್ಟದ ಗೊಂಬೆ ಇಳಿಸಿದೀನಿ. ಮಹಾಲಯ ಅಮಾವಾಸ್ಯೆ ಬಂದೇಬಿಡ್ತು, ರಾಜ ಇನ್ನೂ ಬರೀ ಮೈಯಲ್ಲಿ ನಿಂತಿದಾನೆ.

ನಿಮಗೇನು ಬಿಡಿ, ತವರು ಯಳಂದೂರು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕಿದ ಊರು, ಗೊಂಬೆ ಕೂರಿಸೋ ಗತ್ತು ರಕ್ತದಲ್ಲೇ ಇದೆ. ನಮ್ಮ ಕೊಳ್ಳೇಗಾಲ ನೋಡಿ, ಟಿಪ್ಪು ಬಿದ್ದ 1799ರಲ್ಲಿ ಕಂಪನಿ ಪಾಲಾಗಿದ್ದು, ಮೈಸೂರಿಗೆ ವಾಪಸ್ ಸೇರಿದ್ದು 1956ಕ್ಕೆ. ಅಲ್ಲೀತನಕ ನಮಗೆ ರಾಜ ಅಂದ್ರೆ ಕೋಯಮತ್ತೂರಿನ ಕಲೆಕ್ಟರ್ ಸಾಹೇಬ! ಆ ಲೆಕ್ಕದಲ್ಲಿ ಈ ಗೊಂಬೆಗೆ ಹ್ಯಾಟು ಬೂಟು ಹಾಕ್ಬೇಕು. ನಮ್ಮತ್ತೆ ಮುಂದೆ ಇದನ್ನ ಅಂದ್ಬಿಟ್ಟೀರ, ಹುಷಾರು.

ತಮಾಷೆ ಇರ್ಲಿ. ಅಂಗಡೀಲಿ ಸಿಗೋ ರಾಜನ್ನ ನೋಡಿದೀರಾ? ಮೈಮೇಲೆ ದರ್ಬಾರು ಕೋಟು, ತಲೆ ಮೇಲೆ ನಾಟಕದ ದುರ್ಯೋಧನನ ಕಿರೀಟ! ಕರೀ ಲಾಂಗ್ ಕೋಟು, ಬಿಳೀ ಷರಾಯಿ ಅಂದ್ಮೇಲೆ ಜರಿ ಪೇಟಾನೇ ಸುತ್ತಬೇಕು. ಮಕ್ಕಳ ವೇಷದಲ್ಲೂ ಇದೇ ಕತೆ. ಹನೂರಲ್ಲಿ ನಮ್ಮ ನಾದಿನಿ ಮಗಳಿಗೆ ಹೋದ ರಾಜ್ಯೋತ್ಸವದಲ್ಲಿ ಓಬವ್ವನ ವೇಷ ಹಾಕಿಸಿದ್ರು. ಹೈದರಾಲಿ ಕಾಲದ ಹೆಂಗಸಿಗೆ ಫಳಫಳ ನೈಲಾನ್ ಸೀರೆ, ಬಿಟ್ಟ ಕೂದಲು. ಒನಕೆ ಎತ್ತಿ ಬಡಿಯೋಳು ತುರುಬು ಕಟ್ಟದೆ ನಿಲ್ತಾಳಾ, ನೀವೇ ಹೇಳಿ. ಮಗು ಪಾಪ, ಕಣ್ಣಿಗೆ ಬಿದ್ದ ಕೂದಲು ಸರಿಸೋದರಲ್ಲೇ ಕೋಟೆ ಕಳ್ಕೊಂಡ್ಳು.

ರೇಷ್ಮೆ ಊರಲ್ಲಿದ್ದು ಬಟ್ಟೆಗೆ ಬರವಾ ಅಂತೀರಿ. ಅಲ್ಲೇ ಇರೋದು ಪೇಚು. ಮಗ್ಗದೋರ ಮನೇಲಿ ತುಂಡು ಬಟ್ಟೆ ಕೇಳಿದ್ರೆ ಪ್ರೀತಿಯಿಂದ ಕೊಡ್ತಾರೆ, ಆದ್ರೆ ಅಂಚೇ ನಾಕು ಬೆರಳಗಲ. ರಾಣಿ ಇರೋದೇ ಒಂದು ಗೇಣು. ಉಡಿಸಿದ್ರೆ ಮಂಡಿಯಿಂದ ಕೆಳಗೆಲ್ಲ ಅಂಚೇ, ಸೀರೆ ಎಲ್ಲಿ ಅಂತ ಹುಡುಕಬೇಕು. ಅದಕ್ಕೇ ನಾನು ಸಣ್ಣ ಕಂಬಿ ಇರೋ ಹಳೇ ರವಿಕೆ ಪೀಸೇ ಹುಡುಕೋದು. ಹೊಸ ರೇಷ್ಮೆ ಗರಿಗರಿ, ಗೊಂಬೆ ಸೊಂಟದಲ್ಲಿ ನಿರಿಗೆ ಕೂರೋದಿಲ್ಲ. ಹತ್ತು ಸಲ ಒಗೆದು ಮೆತ್ತಗಾದ್ದು ಹೇಳಿದ ಮಾತು ಕೇಳುತ್ತೆ. ಗೋಂದು ಮಾತ್ರ ಹಚ್ಚಬೇಡಿ, ತೆಳೂ ರೇಷ್ಮೇಲಿ ಕಲೆ ಎದ್ದು ಕಾಣುತ್ತೆ. ಎರಡು ಹೊಲಿಗೆ ಹಾಕಿದ್ರೆ ಮುಂದಿನ ವರ್ಷ ಬಿಚ್ಚೋಕೂ ಬರುತ್ತೆ. ಹಬ್ಬ ಮುಗಿದ್ಮೇಲೆ ಹಳೇ ಬಿಳೀ ಪಂಚೇಲಿ ಸುತ್ತಿಡಿ. ನುಸಿಗುಳಿಗೆ ಜರಿಗೆ ತಾಕಬಾರದು, ಕಪ್ಪಾಗುತ್ತೆ.

ಪೇಟಕ್ಕೆ ನಂದೊಂದು ಉಪಾಯ ಇದೆ. ಪಟ್ಟಿ ಬಟ್ಟೇನ ಗಂಜೀಲಿ ಅದ್ದಿ, ರಾಜನ ತಲೆಯಷ್ಟೇ ಇರೋ ನಿಂಬೆಕಾಯಿ ಮೇಲೆ ಸುತ್ತಿ ಒಣಗಿಸೋದು. ಆಮೇಲೆ ಮೆಲ್ಲಗೆ ಕಳಚಿ ತೊಡಿಸಿದ್ರೆ ಅಳತೆ ಮಾಡಿದ ಹಾಗೆ ಕೂರುತ್ತೆ. ಮುಂದ್ಗಡೆ ಒಂದು ಮುತ್ತು, ಅದಕ್ಕೆ ತುರಾಯಿ. ಅಷ್ಟು ಸಾಕು ಕಣಕ್ಕ. ಎಲ್ಲಾ ಕಡೆ ಚಮಕಿ ಮೆತ್ತಿದ್ರೆ ರಾಜ ಹೋಗಿ ಬ್ಯಾಂಡ್‌ಸೆಟ್ಟಿನೋನು ಬರ್ತಾನೆ.

ರಾಣಿಗೆ ಮೊಗ್ಗಿನ ಜಡೆ. ಬಿಳೀ ಮಣೀನೇ ಮೊಗ್ಗು, ಜರಿ ಎಳೆ ಸೇರಿಸಿದ್ರೆ ಕುಚ್ಚು, ಬೈತಲೆ ಅಕ್ಕಪಕ್ಕ ಸೂರ್ಯ ಚಂದ್ರ. ಜಡೆ ಬೆನ್ನಿಗಿರುತ್ತೆ, ಯಾರು ನೋಡ್ತಾರೆ ಅಂತಾರೆ ನಮ್ಮನೆಯೋರು. ಗೊಂಬೆ ಹಿಂದೆ ಒಂದು ಕನ್ನಡಿ ನಿಲ್ಲಿಸಿದೀನಿ, ಈಗ ಬಂದೋರೆಲ್ಲ ನೋಡಲೇಬೇಕು! ಕೂದಲೇ ಸಾಲ್ತಿಲ್ಲ. ಉಣ್ಣೆ ದಾರ ಹಾಕಿದ್ರೆ ಜಡೆ ಊದಿಕೊಳ್ಳುತ್ತೆ. ನಿಮ್ಮತ್ರ ಹಳೇ ಚೌರಿ ಇದ್ರೆ ಕೊಡಿ. ಸೊಸೇದು ಬೇಡ, ಅದು ಕೆಂಚು; ರಾಣೀನೂ ಪಾರ್ಲರಿಗೆ ಹೋಗಿದ್ಲಾ ಅಂತ ಕೇಳ್ತಾರೆ.