ಕಾಲೆಳೆಯುವ ಸೀಲ್

ಕ್ಯಾಲಿಫೋರ್ನಿಯಾದ ಮಾಂಟೆರಿ ಕೊಲ್ಲಿಯ ನೀರು ಬೇಸಿಗೆಯಲ್ಲೂ 15 ಡಿಗ್ರಿ ದಾಟಿದರೆ ಹಬ್ಬ. ಅದಕ್ಕೇ ಡೈವಿಂಗಿಗೆ 7 ಮಿಲಿಮೀಟರ್ ದಪ್ಪದ ರಬ್ಬರ್ ಸೂಟು. ಅದು ತೇಲುತ್ತದೆಂದು ಸೊಂಟಕ್ಕೆ ಸೀಸದ ತೂಕ ಬೇರೆ. ದುಡ್ಡು ಕೊಟ್ಟು ಮುಳುಗುವ ಪ್ರಾಣಿ ಮನುಷ್ಯನೊಬ್ಬನೇ ಇರಬೇಕು!

ಕೆಳಗೆ ಕೆಲ್ಪ್ ಕಾಡು. ಅನುಕೂಲ ಸಿಕ್ಕರೆ ದಿನಕ್ಕೆ ಅರ್ಧ ಮೀಟರಿನಷ್ಟು ಬೆಳೆಯುವ ಕಡಲಪಾಚಿ. ಬಂಡೆಯ ಮೇಲೆ ಡೆಕೊರೇಟರ್ ಏಡಿ. ಪಾಚಿ, ಸ್ಪಂಜು ಎಲ್ಲವನ್ನೂ ಬೆನ್ನಿನ ಕೊಕ್ಕೆಗೂದಲಿಗೆ ಸಿಕ್ಕಿಸಿಕೊಂಡು, ಮದುವೆಗೆ ಹೊರಟ ಸೋದರತ್ತೆಯ ಹಾಗೆ ನಿಂತಿತ್ತು. ಇಷ್ಟೆಲ್ಲ ಸಿಂಗಾರ ಯಾರ ಕಣ್ಣಿಗೂ ಬೀಳದಿರಲೆಂದು! ಪಕ್ಕದ ಬಿರುಕಿನಲ್ಲಿ ಆಕ್ಟೋಪಸ್. ಮೂರು ಹೃದಯವಿದ್ದರೂ ನಡುಗುವ ನಮ್ಮನ್ನು ನೋಡಿ ಒಂದೂ ಕರಗಲಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಯಾರೋ ನನ್ನ ಕಾಲಿನ ಫಿನ್ ಜಗ್ಗಿದರು. ಜೊತೆಗಾರನೆಂದು ಕಣ್ಣು ಕೆಕ್ಕರಿಸಿ ತಿರುಗಿದರೆ ಹಾರ್ಬರ್ ಸೀಲ್! ಬಾಯಲ್ಲಿ ಉಸಿರಿನ ಕೊಳವೆ, ಬೈಯುವ ಹಾಗಿಲ್ಲ. ನಗೋಣವೆಂದರೆ ಮಾಸ್ಕಿನೊಳಗೆ ನೀರು ನುಗ್ಗುತ್ತದೆ.